ನಾಕು ಕಣ್ಣಿನ ಗಾಡಿಗೆ ನಾನು ಹೇಳಿದ ಸಾಕ್ಷಿ

ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲೂಕನ್ನು ಜರಡಿ ಹಿಡಿದರೂ ನನ್ನಷ್ಟು ನೆನಪಿರುವ ಹೆಂಗಸು ಇನ್ನೊಬ್ಬಳು ಸಿಗಲಿಕ್ಕಿಲ್ಲ! ಇದನ್ನು ನಾನೇ ಹೇಳಬಾರದು. ಬೇರೆ ಯಾರೂ ಹೇಳುವುದಿಲ್ಲ, ಎಂತ ಮಾಡುವುದು?

ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು. ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಸಾಕ್ಷರತೆಯವರು ಕಂದೀಲು ಹಿಡಿದು ಊರಿಗೆ ಬಂದಾಗ. ಈಗಲೂ ನಾನೊಂದು ಸಾಲು ಬರೆದು ಮುಗಿಸುವುದರೊಳಗೆ ಒಲೆಯ ಮೇಲಿನ ಗಂಜಿ ತಳ ಹಿಡಿಯುತ್ತದೆ. ಆದರೆ ಹಾಡಿನ ಮಾತು ಬೇರೆ! ನಾಟಿ ಹಾಡು, ಬೀಸುವ ಹಾಡು, ಮದುವೆ ಹಾಡು, ಒಮ್ಮೆ ಕಿವಿಗೆ ಬಿದ್ದರೆ ಆತು, ಉಪ್ಪಿನಕಾಯಿ ಭರಣಿಯಲ್ಲಿ ಹಾಕಿ ಬಾಯಿ ಕಟ್ಟಿದ ಹಾಗೆ. ಹೊನ್ನಮ್ಮನ ಮಗಳ ಮದುವೆಯಲ್ಲಿ ಮೂರು ತಾಸು ಹಾಡಿದೆ. ಒಂದು ಸಾಲು ತಪ್ಪಲಿಲ್ಲ, ಒಂದು ಸಾಲು ಎರಡನೇ ಸಲ ಬರಲಿಲ್ಲ.

ಹಾಗಾಗಿಯೇ ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲ ಮುಗಿದ ಮೇಲೆ ನನ್ನ ಮಗ ನಾಗರಾಜ ಒಂದು ಕಾರಿನೆದುರು ತಲೆಗೆ ಕೈ ಹೊತ್ತು ಕೂತಿದ್ದನ್ನು ಕಂಡಾಗ, ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಘೋಷಿಸಿದೆ: "ಏಳೋ! ಈ ಕಾರು ಯಾವ ವರ್ಷದ್ದು, ಯಾವ ದೇಶದ್ದು, ಎರಡನ್ನೂ ನಾನು ಹೇಳ್ತೆ!"

ಕಾರು ಕುಮಟೆಯ ಡಾಕ್ಟರ್ ಕೃಷ್ಣಾನಂದರದು. ಕಾರು ಎಂದಕೂಡಲೆ ನಿಮ್ಮ ಕಣ್ಣ ಮುಂದೆ ಬರುವಂಥದ್ದಲ್ಲ. ತಲೆಯ ಮೇಲೆ ಮಾಡು ಇಲ್ಲ, ಬೆನ್ನಿಗೆ ಇನ್ನೊಂದು ಸೀಟಿಲ್ಲ. ಇಬ್ಬರು ಕೂತರೆ ಮೂರನೆಯವರ ಛತ್ರಿಗೂ ಜಾಗವಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಕೂತಲ್ಲಿಂದಲೇ ಕೈ ಚಾಚಿ ದಾರಿಯ ಮೇಲೆ ಬಿದ್ದ ಗೇರುಬೀಜ ಹೆಕ್ಕಬಹುದು.

"ಇದು ಸ್ಪೋರ್ಟ್ಸ್ ಕಾರು ಆಯಿ. ಪರದೇಶದ ಓಟದ ಕಾರು" ಎಂದ ನಾಗರಾಜ. ಹೆಸರನ್ನೂ ಹೇಳಿದ. ಅದು ನನ್ನ ನಾಲಿಗೆಗೆ ಹತ್ತಲಿಲ್ಲ. ನನ್ನ ಕಣ್ಣಿಗೆ ಅದು ಮಳಲ ಮೇಲೆ ಮಲಗಿದ ದೊಡ್ಡ ಏಡಿ, ಅಷ್ಟೆ.

ನಲವತ್ತು ವರ್ಷದ ಹಿಂದೆ ಡಾಕ್ಟರು ಹೊಸದಾಗಿ ದವಾಖಾನೆ ಹಾಕಿದಾಗ, ಹಡಗಿನಲ್ಲಿ ಸಾಮಾನು ತರಿಸುತ್ತಿದ್ದ ಭಟ್ಕಳದ ವ್ಯಾಪಾರಿಯೊಬ್ಬರ ಹತ್ತಿರ ಅದನ್ನು ಕೊಂಡಿದ್ದರು. ಹದಿನೈದು ವರ್ಷ ಓಡಿಸಿ ಆಮೇಲೆ ಮನೆಯ ಹಿಂದೆ ತೆಂಗಿನ ಮಡಲಿನ ಚಪ್ಪರದಡಿ ನಿಲ್ಲಿಸಿದರು. ಸಮುದ್ರದ ಗಾಳಿ ಸುಮ್ಮನಿದ್ದೀತೆ? ಬಣ್ಣ ಹೋಯಿತು, ಬಾಗಿಲು ಕಳಚಿತು, ದೀಪ ಉದುರಿತು, ಮೀಟರು ಉದುರಿತು, ನಂಬರು ಕೊರೆದ ತಗಡಿನ ಪಟ್ಟಿ ಹಪ್ಪಳದ ಹಾಗೆ ಪುಡಿಯಾಯಿತು.

ಡಾಕ್ಟರ ಮಗಳು ಅಮಿತಾ ಹೊನ್ನಾವರದಲ್ಲಿ ಕಾಲೇಜಿನ ಮೇಷ್ಟ್ರು. ಅವಳೇ ಕಾರನ್ನು ಟೆಂಪೋದಲ್ಲಿ ಹೇರಿಸಿ ತಂದು ಹೆದ್ದಾರಿಯ ಬದಿಯ ನಾಗರಾಜನ ಗ್ಯಾರೇಜಿಗೆ ಇಳಿಸಿದ್ದಳು.

"ನಾಗರಾಜಣ್ಣ, ಬರುವ ತಿಂಗಳು ಅಪ್ಪನಿಗೆ ಎಪ್ಪತ್ತು ತುಂಬ್ತದೆ. ಮನೆಯಲ್ಲಿ ಶಾಂತಿ ಇಟ್ಟಿದ್ದೇವೆ. ಆ ದಿನ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಬೇಕು. ಅವರು ಭಟ್ಕಳದಿಂದ ತಂದ ದಿನ ಹೇಗಿತ್ತೋ ಹಾಗೆಯೇ!"

"ಅವ್ರನ್ನೇ ಒಂದು ಮಾತು ಕೇಳಿದ್ರೆ?" ಎಂದ ನಾಗರಾಜ.

"ಅಯ್ಯೋ, ಬೇಡ! ಗುಜರಿಯವನು ಒಯ್ದ ಅಂತ ಸುಳ್ಳು ಹೇಳಿದ್ದೇನೆ. ಎರಡು ದಿನ ಸರಿ ಊಟ ಮಾಡಲಿಲ್ಲ ಅವರು. ಬೈಯಲೂ ಇಲ್ಲ. ಖಾಲಿ ಚಪ್ಪರದ ಹತ್ತಿರ ಹೋಗಿ ನಿಂತು ಬಂದ್ರು."

"ನಿಮ್ಮ ಅಮ್ಮನಿಗೆ?"

"ಅಮ್ಮನಿಗೆ ಹೇಳಿದರೆ ಕುಮಟೆಗೇ ಡಂಗುರ ಹೊಡೆದ ಹಾಗೆ."

ಕಾರು ಓಡುತ್ತಿದ್ದಾಗ ಅಮಿತಾ ತೀರ ಸಣ್ಣ ಮಗು, ಅವಳಿಗೇನೂ ನೆನಪಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಫೋಟೊ. ಅದರಲ್ಲಿ ಡಾಕ್ಟರು ಕಾರಿಗೆ ಅಡ್ಡ ನಿಂತಿದ್ದರು. ಕಾಣುವುದು ಡಾಕ್ಟರ ಪ್ಯಾಂಟು, ಮತ್ತು ಕಾಲಿನ ಸಂದಿಯಲ್ಲಿ ಒಂದು ಚಕ್ರ!

ಅಮಿತಾ ಮುಂಬಯಿಯಿಂದ ತರಿಸಿದ ಹದಿನಾಲ್ಕು ಹಾಳೆ ಝೆರಾಕ್ಸನ್ನು ನಾಗರಾಜನ ಕೈಯಲ್ಲಿಟ್ಟು ಹೋದಳು. ಅದರಲ್ಲಿ ಆ ಕಾರಿನ ವಂಶವೃಕ್ಷವೇ ಇತ್ತು. ಹೊರಗಿನಿಂದ ಹಿಡಿಕೆ ಇಲ್ಲದ ಬಾಗಿಲಿದ್ದರೆ ಇಂಥ ವರ್ಷ. ಎರಡು ದೀಪವಾದರೆ ಮೊದಲಿನದು, ನಾಲ್ಕಾದರೆ ನಂತರದ್ದು. ಹಿಂದಿನ ಸಣ್ಣ ದೀಪ ಕಿತ್ತಳೆ ಬಣ್ಣದ್ದಾದರೆ ಇಂಗ್ಲೆಂಡಿಗೆ ಮಾಡಿದ್ದು, ಕೆಂಪಾದರೆ ಅಮೆರಿಕಕ್ಕೆ ಕಳಿಸಿದ್ದು. ಮೀಟರಿನಲ್ಲಿ ಮೈಲಿ ಇದ್ದರೆ ಒಂದು ದೇಶ, ಕಿಲೋಮೀಟರಿದ್ದರೆ ಇನ್ನೊಂದು. ಎಲ್ಲ ಸರಿ, ಆದರೆ ಗುರುತು ಹಿಡಿಯಬೇಕಾದ ಒಂದೊಂದು ಅಂಗವೂ ಕಾರಿನಲ್ಲಿ ಇಲ್ಲವೇ ಇಲ್ಲ!

"ಮೂರು ವರ್ಷ ಆತು ಗ್ಯಾರೇಜು ಹಾಕಿ" ಎಂದ ನಾಗರಾಜ. "ಇನ್ನೂ 'ಸ್ಕೂಟರ್ ನಾಗರಾಜ' ಅಂತ್ಲೇ ಕರೀತಾರೆ. ಇದೊಂದು ಸರಿ ಮಾಡಿದ್ರೆ ಕಾರಿನ ಮೇಸ್ತ್ರಿ ಆಗ್ತಿದ್ದೆ. ಡಾಕ್ಟ್ರ ಮನೆ ಶಾಂತಿಗೆ ಅರ್ಧ ಕುಮಟೆ ಬತ್ತದೆ ಆಯಿ. ತಪ್ಪಿದ್ರೆ ಸ್ಕೂಟರ್ ಹೆಸರೂ ಉಳೂದಿಲ್ಲ."

ಆಗಲೇ ನಾನು ಘೋಷಿಸಿದ್ದು. ಯಾಕೆಂದರೆ ಆ ಕಾರಿನ ಮೇಲೆ ನನ್ನ ಹತ್ತಿರ ಇಪ್ಪತ್ತೆರಡು ಸಾಲಿನ ಹಾಡು ಇತ್ತು!

ಕಾರು ಶರಾವತಿಯನ್ನು ಜಂಗಲಿನಲ್ಲಿ, ಅಂದರೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ್ದರ ಮೇಲೆ, ದಾಟಿ ನಮ್ಮ ಗದ್ದೆಯ ಬದಿಯಲ್ಲೇ ಕುಮಟೆಗೆ ಹೋದದ್ದು. ನಾಟಿಗೆ ಇಳಿದ ಹೆಂಗಸರು ಅಂದೇ ಅದರ ಮೇಲೆ ಹಾಡು ಕಟ್ಟಿದರು. ಮುಂದೆ ನಿಂತು ಕಟ್ಟಿದವಳು ನಮ್ಮ ಕೇರಿಯ ಹಮ್ಮ. ಅವಳು ತೀರಿಕೊಂಡು ಬಹಳ ವರ್ಷವಾಯಿತು. ನಮ್ಮಲ್ಲಿ ಎಂತ ಹೊಸದು ಬಂದರೂ ಹಾಡು ಕಟ್ಟದೆ ಬಿಡುವುದಿಲ್ಲ. ಮೊದಲ ಬಸ್ಸಿಗೆ ಹಾಡಿದೆ, ಮೊದಲ ಲಾಂಚಿಗೆ ಹಾಡಿದೆ, ಪೋಸ್ಟಿನ ಡಬ್ಬಿಗೂ ಒಂದಿದೆ.

"ಅಕ್ಕಾ, ಅಂದು ನೀನು ಗದ್ದೆಯಲ್ಲೇ ಇರಲಿಲ್ಲ. ತವರಿಗೆ ಹೋಗಿದ್ದೆ" ಎಂದಳು ಸುಕ್ರಿ, ಹಳೇ ಟೈರಿನ ಮೇಲೆ ಕೂತು.

ಸುಕ್ರಿ ನನ್ನ ಮೈದುನನ ಹೆಂಡತಿ. ನಮ್ಮ ಊರಲ್ಲೇ ಹುಟ್ಟಿ, ಆ ಹಾಡಿನ ಮರುವರ್ಷ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ನನ್ನವರೂ ಹೋದರು, ಅವಳವನೂ ಹೋದ. ಈಗ ಒಂದೇ ಒಲೆ, ಒಂದೇ ಜಗಳ. ದಿನಾ ಮಧ್ಯಾಹ್ನ ನಾಗರಾಜನಿಗೆ ಊಟ ಹೊತ್ತು ಇಬ್ಬರೂ ಬಸ್ಸಿನಲ್ಲಿ ಬರುತ್ತೇವೆ.

"ಇರಲಿಲ್ಲ, ಹೌದು" ಎಂದೆ. "ಹಾಡಿದ್ದ ಮೇಲೆ ಕಣ್ಣಿಂದ ನೋಡೂದೆಂತಕ್ಕೆ? ಕಣ್ಣು ಮರೀತದೆ. ಹಾಡು ಮರೀತದ್ಯ?"

"ಹಾಡು ಬೇರೆ, ಗಾಡಿ ಬೇರೆ ಅಕ್ಕಾ."

"ನಿಂಗೆ ರಾಗ ಹಿಡಿಯೂಕೆ ಬತ್ತಿಲ್ಲ, ಅದಕ್ಕೇ ಹಂಗೆ ಹೇಳ್ತೆ."

ಸುಕ್ರಿ ಎಲೆಯಡಿಕೆಯ ಚೀಲ ಬಿಚ್ಚಿದಳು. ನಾಗರಾಜ ಕಿವಿಯ ಮೇಲಿನ ಪೆನ್ಸಿಲು ತೆಗೆದ. ನಾನು ಗಂಟಲು ಸರಿಮಾಡಿ ಶುರು ಮಾಡಿದೆ.

ಬಂದಾನೋ ಬಂದಾನೋ ದಾಕ್ತರ ರಾಯ
ಜಂಗಲನಿಳಿದು ಬಂದಾನೋ
ಕೆಂಪಾನ ಕೆಂಪಿನ ಗಾಡೀಯನೇರಿ
ಕುಮಟೆಯ ದಾರಿ ಹಿಡಿದಾನೋ

"ಕೆಂಪು!" ಎಂದು ನಾಗರಾಜ ಬರೆದುಕೊಂಡ.

ನಾಕು ಕಣ್ಣಿನ ಗಾಡಿ, ನೆತ್ತಿಗೆ ಬೆಳ್ಳಿಪಟ್ಟಿ
ಕೊರಳಲ್ಲಿ ಗೆಜ್ಜೆ ಘಲಿರೆಂದೋ

"ನಾಲ್ಕು ಹೆಡ್‌ಲೈಟು! ಮುಂದೆ ಬೆಳ್ಳಿ ಪಟ್ಟಿ! ತಡಿ, ತಡಿ, ಗೆಜ್ಜೆ ಎಂತಕ್ಕೆ?"

"ಪರದೇಶದವರು ಹಾರ್ನಿನ ಬದಲಿಗೆ ಕಟ್ಟಿರ್ತಾರೆ. ಬರಕೋ."

ಬಾಲಕ್ಕೆ ಕೆಂಪಿನ ಕುಚ್ಚು ಕುಣಿದಾವೋ
ಬಲದಲ್ಲಿ ರಾಯ, ಎಡದಲ್ಲಿ ಮಡದಿ
ನಡುವಲ್ಲಿ ಮಲ್ಲಿಗೆ ನಕ್ಕಾವೋ

ಇಷ್ಟಾಗುವಾಗ ಸುಕ್ರಿಗೆ ಇದ್ದಕ್ಕಿದ್ದಂತೆ ಬಾಯಾರಿಕೆಯಾಗಿ ಅವಳು ನೀರು ಕುಡಿಯಲಿಕ್ಕೆ ಎದ್ದು ಹೋದಳು. ಬೇರೆಯವರ ಹಾಡು ಕೇಳಿ ಸಹಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ ಎಂದುಕೊಂಡೆ.

ಇಪ್ಪತ್ತೆರಡು ಸಾಲು ಮುಗಿದ ಮೇಲೆ ನಾಗರಾಜ ಹದಿನಾಲ್ಕು ಹಾಳೆಯನ್ನು ಹರವಿ ಒಂದೊಂದೇ ತಾಳೆ ನೋಡಿದ. ನೋಡನೋಡುತ್ತ ಅವನ ಮುಖ ಸೋರೆಬುರುಡೆಯಷ್ಟು ಉದ್ದವಾಯಿತು.

"ಆಯಿ, ನಾಲ್ಕು ಕಣ್ಣು ಅಂದ್ರೆ ಅರವತ್ತೆಂಟರ ನಂತರದ್ದು. ಕಾರು ಬಂದದ್ದು ಅರವತ್ತೆರಡರಲ್ಲಿ!"

"ಡಾಕ್ಟ್ರು ಓದಿದವ್ರು. ಮುಂಚೆಯೇ ತರಿಸಿರ್ತಾರೆ."

"ಬಲದಲ್ಲಿ ರಾಯ ಅಂದ್ರೆ ಬಲಗಡೆ ಸ್ಟೇರಿಂಗು, ಇಂಗ್ಲೆಂಡು. ಬಾಲಕ್ಕೆ ಕೆಂಪು ಅಂದ್ರೆ ಅಮೆರಿಕ. ನಿನ್ನ ಹಾಡಿನ ಪ್ರಕಾರ ಈ ಕಾರಿನ ಮೋರೆ ಇಂಗ್ಲೆಂಡಿನದು, ಅಂಡು ಅಮೆರಿಕದ್ದು!"

"ಇಲ್ಲಿಂದಲ್ಲಿಗೆ ಸಂಬಂಧ ಆಗೂದಿಲ್ಲ್ಯ? ನಮ್ಮ ವೆಂಕಟನ ಹೆಂಡ್ತಿ ಘಟ್ಟದ ಮೇಲಿನವಳಲ್ಲನ?"

ನಾಗರಾಜ ನನ್ನನ್ನು ನೋಡಿದ, ಕಾರನ್ನು ನೋಡಿದ, ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದ. ಶಾಂತಿಗೆ ಉಳಿದದ್ದು ಇಪ್ಪತ್ತಾರು ದಿನ. ಬೇರೆ ಸಾಕ್ಷಿ ಯಾವುದೂ ಇಲ್ಲ. ನಿಟ್ಟುಸಿರು ಬಿಟ್ಟು, "ಆತು, ಹಾಡಿನ ಹಾಗೇ ಮಾಡುವ" ಎಂದ. ನನ್ನ ಎದೆ ದೊಡ್ಡ ಡಾಂಬರು ಡಬ್ಬಿಯಷ್ಟಾಯಿತು!

ದೀಪ ಹುಡುಕಿ ಭಟ್ಕಳಕ್ಕೆ ಹೋದೆವು. ಅಲ್ಲಿ ದುಬೈಯಿಂದ ಬಂದವರ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ ಹುಡುಕಿದರೆ ಹಡಗಿನ ಲಂಗರೂ ಸಿಗುತ್ತದೆ. ಅಂಗಡಿಯ ಸಾಹೇಬರು ಮರ್ಯಾದೆಯವರು, ನನಗೆ ಸ್ಟೂಲು ಹಾಕಿಸಿದರು.

"ಎಂತ ಮಾಡೆಲ್ ಅಮ್ಮಾ? ಯಾವ ಇಸವಿ?"

ನಾನು ಎರಡು ಸಾಲು ಹಾಡಿದೆ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, "ವಾಹ್! ರಾಗ ಬಹಳ ಚಂದ ಉಂಟು. ಆದ್ರೆ ಅಮ್ಮಾ, ಮೂವತ್ತು ವರ್ಷದಿಂದ ಪಾರ್ಟ್ಸ್ ಮಾರ್ತಾ ಇದ್ದೇನೆ, ಗೆಜ್ಜೆ ಕಟ್ಟಿದ ಮಾಡೆಲ್ ನಾನು ಕಂಡಿಲ್ಲ" ಎಂದರು.

"ನೀವು ಕಂಡಿಲ್ಲ ಅಂದ್ರೆ ಇಲ್ಲ ಅಂತ ಆಯ್ತನ್ರಾ?"

"ಹಾಗಲ್ಲ, ಹಾಗಲ್ಲ!" ಎಂದು ಸಾಹೇಬರು ನಾಲ್ಕು ದೀಪ, ಎರಡು ಕೆಂಪು ಬಾಲದೀಪ ತೆಗೆದಿಟ್ಟರು. ಗೆಜ್ಜೆಗೆ ಮಾತ್ರ ಕೈ ಮುಗಿದರು. ಗೆಜ್ಜೆಯನ್ನು ನಾನು ಎತ್ತಿನ ಸಾಮಾನಿನ ಅಂಗಡಿಯಲ್ಲಿ ತಂದೆ.

ವಾರದ ಮೇಲೆ ನಾಗರಾಜ ಸೀಟಿನಡಿ ತಲೆ ತೂರಿಸಿ ಕೂಗಿದ: "ಆಯೀ! ಇಲ್ಲೆಲ್ಲೋ ಎಳೆ ಹಸಿರು ಬಣ್ಣ ಕಾಣ್ತದೆ! ಮೂಲ ಬಣ್ಣ ಇದೇ ಏನೋ!"

"ಪಾಚಿ ಮಾರಾಯಾ ಅದು!" ಎಂದೆ. "ಇಪ್ಪತ್ತೈದು ಮಳೆಗಾಲ ನಿಂತ ಗಾಡಿಗೆ ಪಾಚಿ ಕಟ್ಟದೆ ಇನ್ನೆಂತ ಕಟ್ತದೆ? ತಿಕ್ಕು!"

"ಪಾಚಿ ಇಷ್ಟು ಗಟ್ಟಿ ಇರ್ತದ್ಯ?"

"ತಿಕ್ಕೋ ಅಂದ್ರೆ!"

ತಿಕ್ಕಿದ. ಪಾಚಿ ಬಿಡಲೊಲ್ಲದು. ಉಪ್ಪುಕಾಗದ ಹಾಕಿ ಅರ್ಧ ದಿನ ಉಜ್ಜಿದ ಮೇಲೆ, ಜಗತ್ತಿನಲ್ಲಿ ಆ ಕಾರಿನ ಬಗ್ಗೆ ಉಳಿದಿದ್ದ ಒಂದೇ ಒಂದು ನಿಜವಾದ ಸಾಕ್ಷಿ ಪುಡಿಯಾಗಿ ನೆಲಕ್ಕೆ ಬಿತ್ತು. ಅದನ್ನು ಗುಡಿಸಿ ಹೊರಗೆ ಎಸೆದವಳೂ ನಾನೇ!

ಶಾಂತಿಯ ದಿನ ಬಂತು. ಡಾಕ್ಟರ ಮನೆಯಲ್ಲಿ ಬೆಳಿಗ್ಗೆಯೇ ಹೋಮ ಮುಗಿದು, ಅಂಗಳದ ಚಪ್ಪರದಲ್ಲಿ ಬಾಳೆಲೆ ಹಾಕಿ, ಎರಡನೇ ಪಂಕ್ತಿಗೆ ಪಾಯಸ ಹೊರಟಿತ್ತು. ಬಿಳಿ ಬಟ್ಟೆ ಹೊದೆಸಿದ ಕಾರನ್ನು ನಾಗರಾಜ ಟೆಂಪೋದಿಂದ ಮೆಲ್ಲಗೆ ಇಳಿಸಿದ. ಡಾಕ್ಟರು ಜರಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ನಾವೆಲ್ಲ ಡಾಕ್ಟರಮ್ಮ ಅನ್ನುವವರು, ಹಸಿರು ಪೀತಾಂಬರದಲ್ಲಿ ಸಾಕ್ಷಾತ್ ದೇವಿಯ ಹಾಗೆ.

ಅಮಿತಾ ನನ್ನ ಕಿವಿಯಲ್ಲಿ, "ಬಂಗಾರಕ್ಕಾ, ಆ ಹಾಡು ಹೇಳಿ. ಹಾಡಿನ ಜೊತೆಗೇ ಬಟ್ಟೆ ಸರಿಸ್ತೇನೆ" ಎಂದಳು. ಪಾಪ, ಹಾಡೊಂದಿದೆ ಎಂದು ನಾಗರಾಜ ಹೇಳಿದ್ದಷ್ಟೇ, ಅವಳು ಆವರೆಗೆ ಅದನ್ನು ಕೇಳಿದವಳೇ ಅಲ್ಲ.

ಸುಕ್ರಿ ನನ್ನ ಸೆರಗು ಎಳೆದಳು. "ಅಕ್ಕಾ, ಬೇಡ. ಕೈ ಮುಗೀತೆ."

"ಹೊಟ್ಟೆಕಿಚ್ಚು ಪಡೂದಕ್ಕೂ ಒಂದು ಜಾಗ ಇರ್ತದೆ ಸುಕ್ರಿ!" ಎಂದು ಕೈ ಕೊಡವಿ ಮುಂದೆ ಹೋದೆ. ದನಿ ಎತ್ತಿದೆ. "ಕೆಂಪಾನ ಕೆಂಪಿನ" ಎನ್ನುವಾಗ ಬಟ್ಟೆ ಸರಿಯಿತು.

ಕೆಂಪು! ಕುಂಕುಮದ ಭರಣಿ ಮಗುಚಿದ ಹಾಗೆ ಕೆಂಪು! ಮುಂದೆ ನಾಲ್ಕು ದೀಪ, ನೆತ್ತಿಗೆ ಬೆಳ್ಳಿ ಪಟ್ಟಿ, ಅದರ ಕೆಳಗೆ ಹದಿನಾರು ಗೆಜ್ಜೆ. ಗಾಳಿಗೆ ಘಲ್ ಎಂದವು. ಜನ ಚಪ್ಪಾಳೆ ತಟ್ಟಿದರು.

ಡಾಕ್ಟರು ಎದ್ದರು. ಕಾರಿಗೆ ಒಂದು ಸುತ್ತು ಬಂದರು. ದೀಪ ಎಣಿಸಿದರು, ಗೆಜ್ಜೆ ಮುಟ್ಟಿ ನೋಡಿದರು. ಆಮೇಲೆ ಬಹಳ ಸೌಮ್ಯವಾಗಿ ಕೇಳಿದರು: "ಚಂದ ಇದೆ. ಇದು ಯಾರ ಕಾರು?"

ನಾಗರಾಜನ ಮುಖದ ರಕ್ತವೆಲ್ಲ ಇಳಿದು ಕಾರಿಗೇ ಹತ್ತಿದ ಹಾಗೆ ಕಂಡಿತು. ಅಮಿತಾ, "ಅಪ್ಪಾ, ನಿಮ್ಮದೇ! ಹೀಗೇ ಇತ್ತಂತಲ್ಲ?" ಎಂದಳು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಾಡು ಅರ್ಧದಲ್ಲಿತ್ತಲ್ಲ! ಅರ್ಧಕ್ಕೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದು ಜೋರಾಗಿ ಮುಂದುವರಿಸಿದೆ:

ಬಲದಲ್ಲಿ ರಾಯ, ಎಡದಲ್ಲಿ ಮಡದಿ...

"ನಿಲ್ಸು!" ಎಂದರು ಡಾಕ್ಟರಮ್ಮ. "ಇದು ಯಾವಾಗಿನ ಹಾಡು?"

"ಅರವತ್ತೆರಡರದ್ದು ಅಮ್ಮಾ, ಕಾರು ಬಂದ ದಿನದ್ದು. ನಾಲ್ಕು ಜನ ಕಣ್ಣಾರೆ ನೋಡಿ ಕಟ್ಟಿದ್ದು. ಒಂದಕ್ಷರ ಆಚೆ ಈಚೆ ಇಲ್ಲ!" ಎಂದೆ, ಎದೆ ಸೆಟೆದು.

"ನಾನು ಮದುವೆಯಾಗಿ ಈ ಮನೆಗೆ ಬಂದದ್ದು ಅರವತ್ತೇಳರಲ್ಲಿ."

ಪಾಯಸದ ಸೌಟು ಹಿಡಿದವನ ಕೈ ಗಾಳಿಯಲ್ಲೇ ನಿಂತಿತು. ಭಟ್ಟರೊಬ್ಬರು ತೆರೆದ ಬಾಯಿ ತೆರೆದೇ ಇಟ್ಟರು. ಡಾಕ್ಟರಮ್ಮನಿಗೆ ಸಿಟ್ಟು ಬಂದರೆ ಕನ್ನಡ ಓಡಿಹೋಗುತ್ತದೆ, ಕೊಂಕಣಿಯೇ ಬರುವುದು. ಗಂಡನ ಕಡೆ ತಿರುಗಿ, "ಕೋಣ್ ತೀ?" ಎಂದರು. ಯಾರವಳು?

"ನಂಗೆ ಎಂತದೂ ನೆನಪಿಲ್ಲ ಮಾರಾಯ್ತಿ!" ಎಂದರು ಡಾಕ್ಟರು.

ಎಂಥೆಂಥ ಕಾಯಿಲೆ ಗುಣ ಮಾಡಿದ ಡಾಕ್ಟರು! ಆದರೆ ಗಂಡಸಾದವನು ಇಂಥ ಪ್ರಶ್ನೆಗೆ ಕೊಡಬಾರದ ಉತ್ತರ ಯಾವುದೋ ಅದನ್ನೇ ಹುಡುಕಿ ಕೊಟ್ಟರು. ಡಾಕ್ಟರಮ್ಮ ಪೀತಾಂಬರದ ಸೆರಗಿನಿಂದ ಮೂಗನ್ನು 'ಫುರ್ರ್' ಎಂದು ಒರೆಸಿದರು. "ಎಪ್ಪತ್ತು ತುಂಬಿದ ದಿನ ಗೊತ್ತಾಯ್ತಲ್ಲ! ಮೂವತ್ತಾರು ವರ್ಷದ ಸಂಸಾರ, ನಾನು ಕೂತದ್ದು ಇನ್ನೊಬ್ಬಳು ಕೂತ ಜಾಗದಲ್ಲಿ!" ಎಂದು ಒಳಗೆ ಹೋಗಲು ಎದ್ದರು.

ಅಯ್ಯೋ ದೇವರೇ! ಎಪ್ಪತ್ತು ವರ್ಷದ ಮನುಷ್ಯನಿಗೆ ಶಾಂತಿ ಮಾಡಿಸಲು ಬಂದು ಇದ್ದ ಶಾಂತಿಯನ್ನೂ ಕೆಡಿಸಿದೆನಲ್ಲ! ನನ್ನ ಮಾನಕ್ಕಿಂತ ಈ ಮನೆ ದೊಡ್ಡದು ಎಂದು ತೀರ್ಮಾನಿಸಿ, ಓಡಿ ಹೋಗಿ ಅವರ ದಾರಿಗೆ ಅಡ್ಡ ನಿಂತೆ.

"ಅಮ್ಮಾ, ನಿಲ್ಲಿ! ಹಾಡು ಸುಳ್ಳು! ಅದು ಕಾರಿನ ಹಾಡೇ ಅಲ್ಲ, ಕುದುರೆ ಹಾಡು!"

"ಕುದುರೆ?"

ಹೇಳಿಬಿಟ್ಟೆ. ಅದು ಮದುಮಗ ದಿಬ್ಬಣದಲ್ಲಿ ಬರುವ ಹಳೇ ಹಾಡು. ನಾಟಿಯ ಗಡಿಬಿಡಿಯಲ್ಲಿ ಹೊಸದಾಗಿ ಕಟ್ಟಲು ಪುರಸೊತ್ತೆಲ್ಲಿ? ಹಮ್ಮ ಕುದುರೆಯನ್ನು ಇಳಿಸಿ ಕಾರನ್ನು ಹತ್ತಿಸಿದಳು, ಮದುಮಗನನ್ನು ಇಳಿಸಿ ಡಾಕ್ಟರನ್ನು ಹತ್ತಿಸಿದಳು. ಕೆಂಪು ಬಣ್ಣ ಕುದುರೆಯದು. ಬೆಳ್ಳಿಪಟ್ಟಿ ಕುದುರೆಯ ಹಣೆಯದು. ಗೆಜ್ಜೆ ಕುದುರೆಯ ಕೊರಳಿನದು, ಕುಚ್ಚು ಕುದುರೆಯ ಬಾಲದ್ದು. ನಾಲ್ಕು ಕಣ್ಣು ಅಂದರೆ ಕುದುರೆಯದೆರಡು, ಮದುಮಗನದೆರಡು! ಇದು ನನಗೆ ನಲವತ್ತು ವರ್ಷದಿಂದ ಗೊತ್ತಿತ್ತು. ಆದರೆ ಹಾಡು ಬಾಯಿಗೆ ಬಂದಾಗ ಅದರ ಹಿಂದಿನ ಕುದುರೆಯನ್ನು ಯಾರು ನೆನೆಸುತ್ತಾರೆ?

ಚಪ್ಪರದ ತುಂಬ ನಗೆ. ನಾಗರಾಜ ನೆಲ ನೋಡುತ್ತಿದ್ದ. ಒಂದು ತಿಂಗಳು ಬೆವರು ಸುರಿಸಿ ಅವನು ಡಾಕ್ಟರ ಕಾರನ್ನು ಕುದುರೆ ಮಾಡಿದ್ದ! ಡಾಕ್ಟರಮ್ಮನೂ ನಕ್ಕರು. ನಕ್ಕವರು ಅರ್ಧಕ್ಕೆ ನಿಲ್ಲಿಸಿ ಹುಬ್ಬು ಗಂಟಿಕ್ಕಿದರು.

"ಅದ್ಸರಿ. ಕುದುರೆ ಮೇಲೆ ಎಡಗಡೆ ಹೆಂಡತಿ ಹೇಗೆ ಕೂರ್ತಾಳೆ?"

ನಾನು ಹೂಂ, ಹಾಂ ಎಂದು ಏನಾದರೂ ಹೇಳಿ ಪಾರಾಗಬಹುದಿತ್ತು. ಆದರೆ ಹಾಡಿನ ವಿಷಯದಲ್ಲಿ ನನ್ನ ಬಾಯಿ ನನ್ನ ಮಾತೇ ಕೇಳುವುದಿಲ್ಲ. "ಕೂರೂದಿಲ್ಲ ಅಮ್ಮಾ" ಎಂದಿತು ಅದು. "ಕುದುರೆ ಹಾಡಲ್ಲಿ ಆ ಜಾಗದಲ್ಲಿ 'ಬಲಗೈಲಿ ಕತ್ತಿ, ಎಡಗೈಲಿ ಕಡಿವಾಣ' ಅಂತ ಬತ್ತದೆ. ಮಡದಿಯ ಸಾಲು ಕಾರಿಗೇ ಹೊಸದಾಗಿ ಕಟ್ಟಿದ್ದು."

"ಅಂದ್ರೆ ಯಾರೋ ಕೂತಿದ್ಲು!"

ಡಾಕ್ಟರು ಮೆಲ್ಲಗೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು.

"ಕೂತಿದ್ದೆ" ಎಂದಿತು ಹಿಂದಿನಿಂದ ಒಂದು ದನಿ. "ನಾನೇ."

ಸುಕ್ರಿ! ನನ್ನ ಸುಕ್ರಿ! ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ ಮುಂದೆ ಬಂದಳು.

"ನಂಗೆ ಹದಿನೇಳು ವರ್ಷ ಆಗ. ಗದ್ದೆಯಲ್ಲಿ ಕಾಲಿಗೆ ಹಾವು ಕಚ್ಚಿತು. ರಸ್ತೆ ಮೇಲೆ ಇವ್ರ ಕಾರು ಬಂತು. ಹಮ್ಮ ಅಡ್ಡ ಹಾಕಿ ನನ್ನ ಎತ್ತಿ ಒಳಗೆ ಕೂರ್ಸಿದ್ಲು. ಕುಮಟೆವರೆಗೆ ಕರ್ಕಂಡು ಹೋಗಿ ಮದ್ದು ಮಾಡಿ, ಸಂಜೆ ವಾಪಸ್ ತಂದು ಬಿಟ್ರು. ಮದುವೆ ಮಾತು ನಡೀತಿತ್ತು ನಂಗೆ. ಮದುವೆಯಾಗದ ಹುಡ್ಗಿ ಮದುವೆಯಾಗದ ಗಂಡ್ಸಿನ ಕಾರಲ್ಲಿ ಹೋದ್ಲು ಅಂದ್ರೆ ಊರು ಬಿಡ್ತದ? ಯಾರಾದ್ರೂ ಕಂಡಿದ್ರೆ ಡಾಕ್ಟ್ರ ಹೆಂಡ್ತಿ ಅಂದ್ಕಳ್ಳಲಿ ಅಂತ ಹಮ್ಮ ಆ ಸಾಲು ಸೇರಿಸಿದ್ಲು. ನಮ್ಮನೆಯವ್ರು ಹೋಗಿ ಐದು ವರ್ಷ ಆತು. ಇನ್ನು ನಂಗೆ ಯಾರ ಹೆದ್ರಿಕೆ?"

"ಆ ಹುಡುಗಿ!" ಎಂದು ಡಾಕ್ಟರು ಕುರ್ಚಿಯಿಂದ ಹಾರಿದರು. "ಅಳ್ತಾ ಅಳ್ತಾ ನನ್ನ ಸೀಟಿಗೆಲ್ಲ ಕೆಸರು ಮಾಡಿದ್ದವಳು! ಅದು ವಿಷದ ಹಾವೇ ಅಲ್ಲ ಮಾರಾಯ್ತಿ, ನೀರೊಳ್ಳೆ!"

"ನೀವು ಹಂಗೆ ಹೇಳಿದ್ದು ಕುಮಟೆ ಮುಟ್ಟಿದ ಮೇಲೆ" ಎಂದಳು ಸುಕ್ರಿ. "ಅಲ್ಲಿವರೆಗೆ ನಾ ಸಾಯ್ತೆ ಅಂತ್ಲೇ ಕೂತಿದ್ದೆ. ಸಾಯುವವ್ರು ಎಲ್ಲಾ ಸರಿಯಾಗಿ ನೋಡ್ಕಳ್ತಾರೆ. ಎಳೆ ಸೌತೆಕಾಯಿ ಬಣ್ಣದ ಗಾಡಿ. ಮುಂದೆ ಕಪ್ಪೆಯ ಹಂಗೆ ಎರಡೇ ಕಣ್ಣು. ಬಾಗಿಲಿಗೆ ಹೊರಗಿಂದ ಹಿಡಿಕೆ ಇಲ್ಲ, ಇವ್ರು ಒಳಗೆ ಕೈ ಹಾಕೇ ತೆಗೆದ್ರು. ಎದುರಿಗೆ ಎರಡು ಗಡಿಯಾರ. ದೊಡ್ಡದ್ರಲ್ಲಿ ಕೊನೆಗೆ ಒಂದು ಕೋಲು, ಒಂದು ಬಾತುಕೋಳಿ, ಒಂದು ಸೊನ್ನೆ. ಇಳಿಸುವಾಗ ಹಿಂದೆ ಕಂಡೆ, ಸಣ್ಣ ದೀಪ ಎರಡು, ಹಣ್ಣು ಗೇರಿನ ಬಣ್ಣದ್ದು."

ನಾಗರಾಜ ಜೇಬಿನಿಂದ ಹದಿನಾಲ್ಕು ಹಾಳೆ ಎಳೆದ. ಅವನ ಬೆರಳು ಸಾಲಿನಿಂದ ಸಾಲಿಗೆ ಓಡಿತು. "ಹಿಡಿಕೆ ಇಲ್ಲ... ಎರಡು ದೀಪ... ಕಿತ್ತಳೆ... ನೂರಾ ಇಪ್ಪತ್ತು ಮೈಲಿ... ಅರವತ್ತರದ್ದು! ಇಂಗ್ಲೆಂಡಿಗೇ ಅಂತ ಮಾಡಿದ್ದು!"

"ಅರವತ್ತರದ್ದೇ" ಎಂದರು ಡಾಕ್ಟರು. "ಸರಿಯಾಗಿ ಹೇಳಿದೆ ಮೇಸ್ತ್ರಿ."

ಇಪ್ಪತ್ತೆರಡು ಸಾಲು ಹಿಡಿದು ನಾನು ಒಂದು ತಿಂಗಳಲ್ಲಿ ಮಾಡಲಾರದ್ದನ್ನು ರಾಗ ಹಿಡಿಯಲು ಬಾರದ ಸುಕ್ರಿ ಒಂದೇ ಉಸಿರಿಗೆ ಮುಗಿಸಿದ್ದಳು!

ನಾಗರಾಜ ಕೈ ಮುಗಿದ. "ಡಾಕ್ಟ್ರೇ, ಹದಿನೈದು ದಿನ ಕೊಡಿ. ಗೆಜ್ಜೆ, ದೀಪ ಎಲ್ಲ ಕಿತ್ತು ಹಸಿರು ಮಾಡಿ ತಂದು ಕೊಡ್ತೆ. ನಂಗೆ ಒಂದು ಪೈಸೆ ಬೇಡ."

"ಮುಟ್ಟಬೇಡ!" ಎಂದದ್ದು ಡಾಕ್ಟರಮ್ಮ. ಕಾರಿನ ಹತ್ತಿರ ಬಂದರು. ಸುಕ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾರನ್ನು ಬಾಲದಿಂದ ಮೂಗಿನವರೆಗೆ ನೋಡಿದರು. "ಆ ಹಸಿರು ಕಾರಲ್ಲಿ ಎಡಗಡೆ ಮೊದಲು ಕೂತವಳು ಇವಳು. ಆಯ್ತು, ಕೂತಳು, ಪಾಪ, ಹಾವು ಕಚ್ಚಿತ್ತು. ಈ ಕೆಂಪು ಕಾರಲ್ಲಿ ಮೊದಲು ಕೂರುವವಳು ನಾನು! ಇದು ಹೀಗೇ ಇರ್ಲಿ. ಗೆಜ್ಜೆ ಸಮೇತ!"

ಪೀತಾಂಬರವನ್ನು ಎತ್ತಿ ಹಿಡಿದು, ನಾಗರಾಜನ ಭುಜ ಊರಿ, ಅಷ್ಟು ಕೆಳಗಿನ ಸೀಟಿನಲ್ಲಿ ಧಪ್ಪನೆ ಕೂತರು. ಡಾಕ್ಟರು ಬಲಗಡೆ ಹತ್ತಿ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟರು. ಆಮೇಲೆ ಕಾರು ಘಲ್ ಘಲ್ ಎನ್ನುತ್ತ ಗೇಟು ದಾಟಿ ಮೀನುಪೇಟೆಯ ತಿರುವಿನವರೆಗೆ ಹೋಗಿ ಬಂತು. ನಾಗರಾಜನ ಗ್ಯಾರೇಜಿನ ವಿಳಾಸವನ್ನು ಮೂರು ಜನ ಕೇಳಿದರು. ಇಬ್ಬರು ತಮ್ಮ ಕಾರು ರಿಪೇರಿಗೆ, ಒಬ್ಬರು ಮಗನ ದಿಬ್ಬಣಕ್ಕೆ ಹೀಗೇ ಒಂದು ಗೆಜ್ಜೆ ಕಾರು ಸಿಗಬಹುದಾ ಎಂದು.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಟಿಕೆಟು ತಗೊಂಡು ಸೆರಗಿಗೆ ಕಟ್ಟಿಕೊಂಡೆ. ಕೊನೆಗೆ ತಡೆಯಲಾಗಲಿಲ್ಲ.

"ಸುಕ್ರಿ, ಒಂದೇ ಮನೆಯಲ್ಲಿ ನಲವತ್ತು ವರ್ಷ! ಊರಿಗೆ ಹೇಳೂದು ಬೇಡ. ನಂಗಾದ್ರೂ ಒಂದು ಮಾತು ಹೇಳೂಕೆ ಆಗ್ತಿರ್ಲಿಲ್ಲ್ಯ?"

ಸುಕ್ರಿ ಕಿಟಕಿಯಿಂದ ಹೊರಗೆ ಉಗಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ನಿಂಗೆ ಹೇಳಿದ್ರೆ ನೀ ಹಾಡಿಗೆ ಸೇರಿಸ್ತಿದ್ದೆ ಅಕ್ಕಾ."